ಹಿಂಡಲಾಗದ ಬಟ್ಟೆ

ಮನೆಯಿಂದ,
ಮಾರ್ಚ್ ೧೧, ಬುಧವಾರ, ಬೆಳಗಿನ ಹತ್ತು ಗಂಟೆ

ಪ್ರೀತಿಯ ಸೊಸೆಗೆ,

‘ಪ್ರೀತಿಯ’ ಎಂದು ಬರೆದದ್ದನ್ನು ನೋಡಿ ಕಾಗದ ಬೇರೆ ಯಾರಿಗೋ ಬರೆದದ್ದಿರಬೇಕು ಎಂದುಕೊಳ್ಳಬೇಡ. ನಿನಗೇ ಬರೆದದ್ದು. ಹೇಗಿದ್ದೀಯ? ತರಬೇತಿ ಕೇಂದ್ರದ ಊಟ ಸೇರುತ್ತಿದೆಯೇ? ದಿನವಿಡೀ ಆ ಹೊಸ ರಕ್ತಪರೀಕ್ಷೆಯ ಯಂತ್ರದ ಮುಂದೆ ಬಗ್ಗಿ ಕೂತು ಕತ್ತುನೋವು ಮತ್ತೆ ಶುರುವಾಗಿಲ್ಲ ತಾನೆ? ದಿಂಬು ತೆಳುವಾಗಿರಲಿ, ಎರಡು ದಿಂಬು ಪೇರಿಸಿಕೊಂಡು ಮಲಗುವ ಅಭ್ಯಾಸ ಬಿಡು. ಇಲ್ಲಿ ನಾವು ಚೆನ್ನಾಗಿದ್ದೇವೆ. ನಿನ್ನ ಗಂಡ ಹೊತ್ತಿಗೆ ಸರಿಯಾಗಿ ಉಣ್ಣುತ್ತಾನೆ, ಉಂಡ ತಟ್ಟೆಯನ್ನು ಮಾತ್ರ ಇನ್ನೂ ಮೇಜಿನ ಮೇಲೇ ಬಿಡುತ್ತಾನೆ; ಅದು ನಾನು ಬೆಳೆಸಿದ್ದರ ತಪ್ಪು, ನಿನ್ನದಲ್ಲ. ನಿನ್ನ ಮಾವನ ಬಿ.ಪಿ. ಹದದಲ್ಲಿದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು, ನಿಜ. ಆದರೆ ಫೋನಿನಲ್ಲಿ ನಾವಿಬ್ಬರೂ ‘ಊಟ ಆಯ್ತಾ’, ‘ಆಯ್ತು’ ಎಂದು ಎರಡೇ ಮಾತಿಗೆ ಮುಗಿಸಿ, ಕೆಂಡ ಮುಟ್ಟಿದವರ ಹಾಗೆ ಫೋನನ್ನು ಅವನ ಕೈಗೆ ದಾಟಿಸಿಬಿಡುತ್ತೇವೆ. ಅದಕ್ಕೇ ಕಾಗದ.

ಮುಖ್ಯ ಸುದ್ದಿ ಹೇಳುತ್ತೇನೆ. ನಿನ್ನ ಸೋಫಾ ಫಳಫಳ ಎನ್ನುತ್ತಿದೆ. ಬಟ್ಟೆಯ ಸೋಫಾ ಫಳಫಳ ಎನ್ನುವುದಿಲ್ಲ, ಗೊತ್ತು. ಆದರೂ ಈಗ ನೋಡಿದವರು ಹಾಗೇ ಹೇಳಬೇಕು. ಅಂಗಡಿಯಿಂದ ಬಂದ ದಿನ ಅದಕ್ಕೆ ಯಾವ ಬೂದುಬಣ್ಣ ಇತ್ತೋ ಅದೇ ಬೂದುಬಣ್ಣ. ಇದನ್ನು ಮಾಡಿದ್ದು ಅರವತ್ತೆರಡು ವರ್ಷದ ನಾನು, ಈ ಎರಡು ಕೈಗಳಿಂದ. ಸ್ವಲ್ಪ ಜಂಬ ಕೊಚ್ಚಿಕೊಳ್ಳಲು ಬಿಡು, ಯಾಕೆಂದರೆ ಜಂಬ ಇಳಿದ ಕಥೆಯನ್ನೂ ನಾನೇ ಹೇಳಬೇಕಾಗಿದೆ.

ನೀನು ಹೊರಡುವ ಹಿಂದಿನ ಭಾನುವಾರದ ಮಾತನ್ನು ನಾವಿಬ್ಬರೂ ಮರೆತಿಲ್ಲ. ನಿನ್ನ ಲ್ಯಾಬಿನ ನಾಲ್ವರು ಗೆಳತಿಯರು ನಿನ್ನನ್ನು ಬೀಳ್ಕೊಡಲು ಬಂದು ಸೋಫಾದ ಮೇಲೆ ಕೂತಿದ್ದರು. ಬಲಗಡೆಯ ಬೆನ್ನೊರಗಿನ ಮೇಲೆ ಅಂಗೈಯಗಲದ ಕಪ್ಪು ಜಿಡ್ಡಿನ ಕಲೆ. ನಾನು ಚಹಾದ ತಟ್ಟೆ ಹಿಡಿದು ಬಂದವಳು, ಎಲ್ಲರಿಗೂ ಕೇಳುವ ಹಾಗೆ, ‘ಸೋಫಾ ತಗೊಳ್ಳೋಕೆ ಬರುತ್ತೆ, ಇಟ್ಕೊಳ್ಳೋಕೆ ಬರಲ್ಲ, ತಲೆ ಒರೆಸ್ಕೊಳ್ಳೋಕೆ ಟವೆಲ್ ಅನ್ನೋದೊಂದಿದೆ’ ಎಂದುಬಿಟ್ಟೆ. ನೀನು ಎದ್ದು ಒಳಗೆ ಹೋಗಿ, ಆಗಲೇ ತೊಳೆದಿಟ್ಟಿದ್ದ ಲೋಟಗಳನ್ನು ಮತ್ತೆ ತೊಳೆದೆ. ನಲ್ಲಿಯ ಸದ್ದು ನಡುಮನೆಗೆ ಕೇಳುತ್ತಿತ್ತು. ನಿನ್ನ ಮೊದಲ ಎರಡು ವರ್ಷದ ಸಂಬಳದಲ್ಲಿ ಉಳಿಸಿ, ಅಂಗಡಿ ಅಂಗಡಿ ಅಲೆದು ತಂದ ಸೋಫಾ ಅದು. ರೆಕ್ಸಿನ್ನಿನದು ತಾ, ಒರೆಸಿದರೆ ಆಯಿತು ಎಂದು ನಾನು ಹೇಳಿದ್ದೆ. ನೀನು ಬಟ್ಟೆಯದನ್ನೇ ತಂದೆ. ಆ ಸಿಟ್ಟು ನನ್ನ ಹೊಟ್ಟೆಯಲ್ಲಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ನೀನು ಹೋದ ವಾರಕ್ಕೆ ನಿನ್ನ ಗಂಡನ ಪ್ಯಾಂಟನ್ನು ಒಗೆಯಲು ಹಾಕಿದೆ. ಮೂವತ್ತೊಂದು ವರ್ಷ ಆಸ್ಪತ್ರೆಯ ಲಾಂಡ್ರಿ ನಡೆಸಿದವಳು ಜೇಬು ನೋಡದೆ ಬಟ್ಟೆಯನ್ನು ನೀರಿಗೆ ಹಾಕುತ್ತಾಳೆಯೇ? ಒಂದು ಚೀಟಿ ಸಿಕ್ಕಿತು. ಖಾಲಿ ಇರುವ ಒಂದು ಮನೆಯ ವಿಳಾಸ, ಮಾಲೀಕರ ಫೋನ್ ನಂಬರು, ಕೆಳಗೆ ಅವನ ಕೈಬರಹದಲ್ಲಿ ‘ಅವಳು ಬಂದ ಮೇಲೆ ನೋಡುವುದು’. ಚೀಟಿಯನ್ನು ಇದ್ದ ಹಾಗೆಯೇ ಮಡಿಸಿ ಅವನ ಮೇಜಿನ ಮೇಲಿಟ್ಟೆ; ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ನೀನು ತರಬೇತಿ ಮುಗಿಸಿ ಇಪ್ಪತ್ತೆಂಟನೇ ತಾರೀಖು ಬರುವುದು ಈ ಮನೆಗೋ, ಅಥವಾ ಪೆಟ್ಟಿಗೆ ತೆಗೆದುಕೊಂಡು ಹೋಗುವುದಕ್ಕೋ ಎಂಬುದೊಂದೇ ಅಂದಿನಿಂದ ನನ್ನ ತಲೆಯಲ್ಲಿ. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ, ಕೈಗೆ ಏನಾದರೂ ಕೆಲಸ ಬೇಕು. ಆ ಕಲೆಯನ್ನು ತೆಗೆದೇ ತೀರುತ್ತೇನೆ ಎಂದು ಸೆರಗು ಬಿಗಿದೆ.

ಈಗ ನಗಬೇಡ. ರಕ್ತದ ಕಲೆ, ಅಯೋಡಿನ್ ಕಲೆ, ಹೆಸರೇ ಗೊತ್ತಿಲ್ಲದ ಮುಲಾಮಿನ ಕಲೆ, ಎಲ್ಲವನ್ನೂ ಮಣಿಸಿದವಳು ನಾನು. ದಿನಕ್ಕೆ ನಾನೂರು ಹಾಸಿಗೆಯ ಬಟ್ಟೆ ನನ್ನ ಕೈ ಕೆಳಗೆ ಹೋಗಿ ಬರುತ್ತಿತ್ತು. ನನಗೆ ಗೊತ್ತಿದ್ದದ್ದು ಒಂದೇ ದಾರಿ: ಕುದಿಯುವ ನೀರು, ಕೈತುಂಬ ಸೋಪುಪುಡಿ, ಗಟ್ಟಿ ಬ್ರಷ್ಷು. ಅದನ್ನೇ ಮಾಡಿದೆ. ಎರಡು ಬಕೆಟ್ ನೀರು ಹೊಯ್ದು, ಸೋಫಾದ ಮೇಲೆ ಮಂಡಿಯೂರಿ, ಕೈ ಸೋಲುವ ತನಕ ಉಜ್ಜಿದೆ. ನಿನ್ನ ಮಾವ ಬಾಗಿಲಲ್ಲಿ ನಿಂತು ‘ಸ್ವಲ್ಪ ನಿಧಾನ...’ ಎಂದರು, ನಾನು ತಿರುಗಿ ನೋಡಿದ್ದಕ್ಕೆ ಪೇಪರ್ ತೆಗೆದುಕೊಂಡು ಹೊರಗೆ ಹೋದರು. ಸಂಜೆಗೆ ಸೋಫಾ ಗುಳುಂ ಗುಳುಂ ಎನ್ನುತ್ತಿತ್ತು. ಒಳಗಿನ ಸ್ಪಂಜು ಎರಡು ಬಕೆಟ್ ನೀರನ್ನೂ ಕುಡಿದು ಕೂತಿತ್ತು. ಮೂರನೆಯ ದಿನಕ್ಕೆ ಹುಳಿ ವಾಸನೆ. ನಾಲ್ಕನೆಯ ದಿನಕ್ಕೆ ಒಣಗಿದ ಕಡೆ ಹಳದಿ ಅಂಚಿನ ದೊಡ್ಡ ದೊಡ್ಡ ವೃತ್ತಗಳು, ಉಜ್ಜಿದ ಕಡೆ ಬಟ್ಟೆಯ ಮೇಲೆ ನವಿರಾದ ನೂಲುಂಡೆಗಳು. ಆ ಅಂಗೈಯಗಲದ ಕಲೆ ಮಾತ್ರ ಎಲ್ಲಿತ್ತೋ ಅಲ್ಲೇ. ನಿನ್ನ ಗಂಡ ಮೂಗು ಮುಚ್ಚಿಕೊಂಡು ‘ಬಿಡಮ್ಮಾ, ಎಸೆದುಬಿಡೋಣ’ ಎಂದ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಭಯವಾಯಿತು. ನಾಲ್ಕು ಜನರ ಎದುರು ನಿನ್ನ ಮಾನ ಕಳೆದದ್ದು ಸಾಲದು ಎಂದು ನಿನ್ನ ಸೋಫಾವನ್ನೂ ಹಾಳು ಮಾಡಿದೆನಲ್ಲ ಎಂದು ಅಡುಗೆಮನೆಯಲ್ಲಿ ಕೂತು ಅತ್ತೆ. ಅತ್ತದ್ದನ್ನು ಬರೆಯುವುದಕ್ಕೂ ಕಷ್ಟವಾಗುತ್ತಿದೆ, ಆದರೂ ಬರೆದೆ.

ಮರುದಿನ ಎರಡು ಬೀದಿ ಆಚೆಯ ಕುಶನ್ ಕೆಲಸದವನನ್ನು ಕರೆದುಕೊಂಡು ಬಂದೆ. ಅವನನ್ನು ನೀನು ನೋಡಿದ್ದೀಯ, ಬಾಯಲ್ಲಿ ಸಣ್ಣ ಮೊಳೆ ಕಚ್ಚಿಕೊಂಡೇ ಮಾತಾಡುತ್ತಾನೆ, ಬೀದಿಯವರೆಲ್ಲ ಅವನನ್ನು ಮೊಳೆಬಾಯಿ ಎಂದೇ ಕರೆಯುತ್ತಾರೆ. ಅವನು ಸೀಟನ್ನು ಒತ್ತಿ, ಮೂಸಿ, ನನ್ನನ್ನೊಮ್ಮೆ ನೋಡಿ, ‘ಅಮ್ಮಾ, ಬೆಡ್‌ಶೀಟಾದ್ರೆ ಹಿಂಡಬಹುದು. ಇದನ್ನ ಹೇಗೆ ಹಿಂಡ್ತೀರಾ?’ ಎಂದ. ಮೂವತ್ತೊಂದು ವರ್ಷದಲ್ಲಿ ನನಗೆ ಯಾರೂ ಕೇಳದ ಪ್ರಶ್ನೆ. ಅವನು ಅಡಿಯ ಬಟ್ಟೆ ಬಿಚ್ಚಿ, ಸ್ಪಂಜುಗಳನ್ನು ಹೊರತೆಗೆದು, ಗೋಡೆಗೆ ಒರಗಿಸಿ ನೆರಳಿನಲ್ಲಿ ಫ್ಯಾನ್ ಹಾಕಿ ಒಣಗಿಸಿದ. ಬಿಸಿಲಿಗೆ ಇಟ್ಟರೆ ಸ್ಪಂಜು ಹಾಳಾಗುತ್ತದೆ, ಬಟ್ಟೆಯ ಬಣ್ಣವೂ ಹೋಗುತ್ತದಂತೆ. ಆಮೇಲೆ ಕಲೆಯ ಹತ್ತಿರ ಬಗ್ಗಿ ನೋಡಿ ‘ಇದು ತಲೆ ಎಣ್ಣೆ. ಇಲ್ಲಿ ದಿನಾ ಯಾರು ಒರಗ್ತಾರೆ?’ ಎಂದ. ನಾನು ನಿನ್ನ ಹೆಸರು ಹೇಳಲು ಬಾಯಿ ತೆರೆಯುವಷ್ಟರಲ್ಲಿ ನಿನ್ನ ಮಾವ, ಮದುವೆಯಾದಾಗಿನಿಂದ ನನ್ನ ಎದುರು ಬೆರಳೆತ್ತದ ಮನುಷ್ಯ, ಬೆರಳೆತ್ತಿ ನನ್ನನ್ನು ತೋರಿಸಿದರು.

ನಾನು ಕೂತು ನೋಡಿದೆ. ಒರಗಿದೆ. ತಲೆ ಸರಿಯಾಗಿ ಕಲೆಯ ಮೇಲೇ. ಮಧ್ಯಾಹ್ನ ಊಟವಾದ ಮೇಲೆ ಒಂದು ಗಳಿಗೆ ಎಂದು ಅಲ್ಲಿ ಕಣ್ಣು ಮುಚ್ಚುವವಳು ನಾನೇ ತಾನೆ? ನೀನು ನನಗಿಂತ ಮುಕ್ಕಾಲು ಅಡಿ ಎತ್ತರ. ನಿನ್ನ ತಲೆ ಒರಗಿನ ಅಂಚನ್ನೂ ದಾಟಿ ಗೋಡೆಗೆ ತಾಗುತ್ತದೆ. ಕಲೆಯ ಎತ್ತರ ನೋಡಿದ್ದರೆ ಸಾಕಿತ್ತು. ಚಾದರದ ಮೇಲಿನ ಒಂದು ಚುಕ್ಕೆ ನೋಡಿ ಯಾವ ವಾರ್ಡಿನದು ಎಂದು ಹೇಳುತ್ತಿದ್ದವಳಿಗೆ ತನ್ನ ತಲೆಯ ಗುರುತು ಗೊತ್ತಾಗಲಿಲ್ಲ. ನೀನು ಅಂದೇ ಹೇಳಬಹುದಿತ್ತು. ನಿನಗೆ ಗೊತ್ತಿತ್ತು, ಅಲ್ಲವೇ? ನಾಲ್ಕು ಜನರ ಎದುರು ನನ್ನ ಮಾನ ಉಳಿಸಿ ಲೋಟ ತೊಳೆಯಲು ಹೋದೆ. ಇದು ಗೊತ್ತಾದ ಗಳಿಗೆಯಿಂದ ನಿನ್ನ ಬಗ್ಗೆ ನನಗೆ ಹೆಮ್ಮೆ, ಹೇಳಿದರೆ ನಂಬು.

ಆಮೇಲೆ ಮೊಳೆಬಾಯಿಯ ಹತ್ತಿರ ಶಿಷ್ಯಳಾದೆ. ಮೊದಲು ವ್ಯಾಕ್ಯೂಮ್, ಸಂದುಗೊಂದಿಗೆಲ್ಲ ಉದ್ದ ಮೂತಿ ಹಾಕಿ. (ಸಂದಿನಲ್ಲಿ ನಿನ್ನ ಎರಡು ಕ್ಲಿಪ್ಪು, ಮಾವನ ಕನ್ನಡಕದ ತಿರುಪು, ಒಂದು ಪೆನ್ನಿನ ಮುಚ್ಚಳ ಸಿಕ್ಕಿವೆ.) ಕಲೆಯ ಮೇಲೆ ಅಡುಗೆ ಸೋಡಾ ಉದುರಿಸಿ ಅರ್ಧ ದಿನ ಬಿಟ್ಟರೆ ಎಣ್ಣೆಯನ್ನು ಅದೇ ಹೀರುತ್ತದೆ, ಹಾಗೆ ಮೂರು ಸಲ. ಬೋಗುಣಿಯಲ್ಲಿ ಪಾತ್ರೆ ತೊಳೆಯುವ ದ್ರವ ನಾಲ್ಕು ಹನಿ ಹಾಕಿ ಕಡೆದು, ನೊರೆಯನ್ನು ಮಾತ್ರ ಎತ್ತಿಕೊಳ್ಳಬೇಕು, ನೀರನ್ನಲ್ಲ. ಬಿಳಿ ಬಟ್ಟೆಯಲ್ಲೇ ಒತ್ತಬೇಕು, ಬಣ್ಣದ್ದಾದರೆ ಬಣ್ಣ ಬಿಡುತ್ತದೆ. ಮೊದಲು ಹಿಂಭಾಗದಲ್ಲಿ, ಯಾರಿಗೂ ಕಾಣದ ಕಡೆ, ಒಂದು ಬೆರಳಿನಷ್ಟು ಪರೀಕ್ಷೆ. ಕಲೆಯ ಅಂಚಿನಿಂದ ನಡುವಿಗೆ, ಒತ್ತುವುದು, ಎತ್ತುವುದು. ಉಜ್ಜುವುದು ಬೇಡವೇ ಬೇಡ. ನನ್ನ ಕೈಗೆ ಇದು ಎಂಥ ಶಿಕ್ಷೆ ಎಂದು ನಿನಗೆ ಹೇಗೆ ಹೇಳಲಿ! ಬ್ರಷ್ಷು ಹಿಡಿದು ಬೆಳೆದ ಕೈ, ಕೂಸಿನ ಮುಖ ಒರೆಸುವ ಹಾಗೆ ಮೆಲ್ಲಗೆ ಒತ್ತಬೇಕು. ಮೊದಲ ದಿನ ಮೊಳೆಬಾಯಿ ಎರಡು ಸಲ ನನ್ನ ಕೈ ಹಿಡಿದು ನಿಲ್ಲಿಸಿದ. ಎರಡನೆಯ ದಿನ ಹಿಡಿಯಲಿಲ್ಲ. ಹನ್ನೊಂದು ದಿನ, ದಿನಕ್ಕೊಂದು ಮೊಳದಷ್ಟು ಜಾಗ. ಹಳದಿ ವೃತ್ತಗಳು ಹೋದವು, ನೂಲುಂಡೆಗಳನ್ನು ಸಣ್ಣ ಕತ್ತರಿಯಲ್ಲಿ ಒಂದೊಂದಾಗಿ ತೆಗೆದೆ, ಕಲೆ ಇದ್ದ ಜಾಗವನ್ನು ಈಗ ನಾನೇ ಹುಡುಕಬೇಕು. ನಿನ್ನೆ ಮೊಳೆಬಾಯಿ ಬಂದು ಒರಗಿನ ಮೇಲೆ ಅಂಗೈ ಆಡಿಸಿ, ಬಾಯಿಂದ ಮೊಳೆಗಳನ್ನು ತೆಗೆದು ಕೈಯಲ್ಲಿಟ್ಟುಕೊಂಡು, ‘ನನ್ನ ಅಂಗಡಿಗೇ ಬಂದುಬಿಡಿ ಅಮ್ಮಾ’ ಎಂದ. ಅವನು ಮೊಳೆ ತೆಗೆದು ಮಾತಾಡಿದ್ದನ್ನು ಈ ಬೀದಿಯಲ್ಲಿ ಯಾರೂ ನೋಡಿಲ್ಲ!

ಇನ್ನೊಂದು ವಿಷಯ. ಅಂದು ಬಂದಿದ್ದ ನಾಲ್ವರಲ್ಲಿ ಕನ್ನಡಕ ಹಾಕುವ ಗೆಳತಿ ಯಾವುದೋ ಫೈಲು ಕೊಡಲು ಬಂದಿದ್ದಳು. ಸೋಫಾ ನೋಡಿ, ಹೊಸ ಕವರ್ ಹಾಕಿಸಿದಿರಾ ಆಂಟಿ ಎಂದಳು. ಕೂರಿಸಿ, ಆ ಕಲೆ ನನ್ನ ತಲೆಯದಾಗಿತ್ತು, ನನ್ನ ಸೊಸೆಯದಲ್ಲ, ಉಳಿದ ಮೂವರಿಗೂ ಹೇಳಿಬಿಡು ಎಂದೆ. ಹೇಳಿದ ಮೇಲೆ ಚಹಾ ಮಾಡಿಕೊಟ್ಟೆ, ಇಬ್ಬರೂ ಕುಡಿದೆವು. ಅವಳು ತನ್ನ ಮನೆಯ ಸೋಫಾಗೆ ಏನು ಮಾಡಬೇಕೆಂದು ಕೇಳಿ ಎಲ್ಲವನ್ನೂ ಬರೆದುಕೊಂಡು ಹೋದಳು.

ಚೆನ್ನಾಗಿ ಕಲಿ. ಆ ಯಂತ್ರವನ್ನು ನಿನಗಿಂತ ಚೆನ್ನಾಗಿ ನಡೆಸುವವರು ಅಲ್ಲಿ ಯಾರೂ ಇರಬಾರದು. ನಿನ್ನ ಮಾವ ನೆನಪು ಹೇಳಿದ್ದಾರೆ, ಬೆರಳಿನ ವಿಷಯ ಬರೆದೆಯಾ ಎಂದು ಎರಡು ಸಲ ಕೇಳಿದರು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತು,
ನಿನ್ನ ಅತ್ತೆ

ಮರೆತ ಮಾತು: ಲಕೋಟೆ ಅಂಟಿಸುವ ಮುಂಚೆ ಇದನ್ನೂ ಬರೆಯುತ್ತೇನೆ, ಆಮೇಲೆ ಧೈರ್ಯ ಬರುವುದಿಲ್ಲ. ಮೊನ್ನೆ ಆ ಚೀಟಿಯ ಮನೆಗೆ ನಾನೊಬ್ಬಳೇ ಹೋಗಿ ನೋಡಿ ಬಂದೆ. ನಿನ್ನ ಗಂಡನಿಗೆ ಗೊತ್ತಿಲ್ಲ. ಮನೆ ಒಳ್ಳೆಯದಿದೆ. ಅಡುಗೆಮನೆಗೆ ಬೆಳಕು ಚೆನ್ನಾಗಿದೆ, ಬಚ್ಚಲ ನಲ್ಲಿ ಸೋರುತ್ತದೆ, ಒಪ್ಪುವ ಮುಂಚೆ ಸರಿ ಮಾಡಿಸಿಕೊಳ್ಳಿ. ಟೇಪು ಹಿಡಿದು ಅಳೆದೆ: ಕಾಲು ಬಿಚ್ಚಿದರೆ ಸೋಫಾ ಬಾಗಿಲಲ್ಲಿ ತೂರುತ್ತದೆ, ಬಿಚ್ಚಲು ಮೊಳೆಬಾಯಿ ಬರುತ್ತಾನೆ. ಪಶ್ಚಿಮದ ಕಿಟಕಿಗೆ ದಪ್ಪ ಪರದೆ ಹಾಕು. ಹೋಗಬೇಡಿ ಎಂದು ಬರೆಯಬೇಕು ಎಂದು ಕೈ ಎಳೆಯುತ್ತಿದೆ, ಬರೆಯುವುದಿಲ್ಲ. ಅಂದು ನಾಲ್ಕು ಜನರ ಎದುರು ನಾನು ಆಡಿದ್ದು ತಪ್ಪು. ತಪ್ಪಾಯಿತಮ್ಮಾ. ಮಂಡಿನೋವಿಟ್ಟುಕೊಂಡು ನಡೆದರೂ ಆ ಮನೆ ಇಲ್ಲಿಂದ ಹದಿನೈದೇ ನಿಮಿಷ. ನಾನು ಬಂದು ಬಾಗಿಲು ತಟ್ಟಿದರೆ ತೆಗೆಯುತ್ತೀಯಾ? ಅಷ್ಟನ್ನು ಮಾತ್ರ ಬರೆದು ತಿಳಿಸು.