ಸಂಜೆ ಅಳೆದ ನೆರಳು

ಮೂರನೆಯ ವೈಶಾಖದ ಶುದ್ಧ ಪಂಚಮಿ, ಇಸವಿ 2419
ರಾಯಚೂರು, ಎಡೆದೊರೆ ಗಣರಾಜ್ಯ

ಇಪ್ಪತ್ತೊಂದನೆಯ ಶತಮಾನದ ಹಿರಿಯರಿಗೆ ಈರವ್ವ ಹೂಗಾರಳ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಒಂದು ವೈಶಾಖದಲ್ಲಿ ಮುಗಿಯದೇ ಹೋದದ್ದರಿಂದ ನಮ್ಮ ಪಂಚಾಂಗದವರು ಇನ್ನೆರಡು ವೈಶಾಖ ಸೇರಿಸಿದ್ದಾರೆ. ಜಾಗ ಮಾಡಿಕೊಳ್ಳಲು ಮಾರ್ಗಶಿರವನ್ನೂ ಅದರ ಹಿಂದಿನ ತಿಂಗಳನ್ನೂ ತೆಗೆದುಹಾಕಿದರು. ಯಾರೂ ತಕರಾರು ಮಾಡಲಿಲ್ಲ. ನನ್ನ ಮಾತಿನಲ್ಲಿ ನಿಮಗೆ ತಿಳಿಯದ ಪದಗಳು ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಕಾಲದ ಕನ್ನಡವನ್ನು ನಾನು ಶಾಲೆಯಲ್ಲಿ ಕಲಿತವಳು, ಅದೂ ಕೊನೆಯ ಬೆಂಚಿನಲ್ಲಿ ಕೂತು.

ನಿಮ್ಮಲ್ಲಿ ರೂಪಾಯಿ ಎಂಬುದೊಂದು ಇತ್ತಂತೆ. ನಮ್ಮಲ್ಲಿರುವುದು ನೆರಳು. ಒಬ್ಬರು ಚಕ್ಕಳಮಕ್ಕಳ ಹಾಕಿ ಕೂರುವಷ್ಟು ನೆರಳಿಗೆ ನಾವು ಒಂದು ಮಣೆ ಎನ್ನುತ್ತೇವೆ. ಸೇರು ಜೋಳಕ್ಕೆ ಎರಡು ಮಣೆ, ಒಳ್ಳೆಯ ಸೀರೆಗೆ ಮೂವತ್ತು. ಮರ ಬೆಳೆಸಿದ ಛಾಯಾಸಂಸ್ಥೆಗಳು ಚೀಟಿ ಕೊಡುತ್ತವೆ. ಚೀಟಿ ತೋರಿಸಿದವರು ಅವರ ತೋಪಿನಲ್ಲಿ ಮಧ್ಯಾಹ್ನ ಕೂರಬಹುದು. ಆದರೆ ಕೂರುವವರು ಕಡಿಮೆ. ಜನ ಚೀಟಿಯನ್ನೇ ಕೈಯಿಂದ ಕೈಗೆ ದಾಟಿಸಿ ವ್ಯಾಪಾರ ಮಾಡುತ್ತ, ತಲೆಯ ಮೇಲೆ ಒದ್ದೆ ಟವೆಲ್ಲು ಹಾಕಿಕೊಂಡು, ತಾವು ಶ್ರೀಮಂತರೆಂದು ನಂಬಿಕೊಂಡಿದ್ದರು.

ಹೀಗಿರುವಾಗ ನನ್ನ ಸೊಸೆ ದಾನಮ್ಮ ಹೋದ ತಿಂಗಳು ಗಣರಾಜ್ಯದ ಅಧ್ಯಕ್ಷೆಯಾದಳು. ಸಾರಿಗೆ ಉಪ್ಪು ಹಾಕುವುದನ್ನು ಮರೆಯುವ ಹುಡುಗಿ ದೇಶ ಆಳುತ್ತಾಳೆಂದರೆ ನನಗೆ ಆತಂಕವಾಗದೆ ಇರುತ್ತದೆಯೇ? ಹಿಂದಿನ ಅಧ್ಯಕ್ಷರು ಅವಳ ಕೈಕುಲುಕಿ, ಎಲ್ಲವೂ ಸುಸೂತ್ರವಾಗಿದೆ ಎಂದು ಹೇಳಿ, ಅದೇ ಸಂಜೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ತಂಪಿನ ಊರಿಗೆ ಹೊರಟುಹೋದರು. ಅವರ ಅವಸರ ನೋಡಿದಾಗಲೇ ನಮಗೆ ಅನುಮಾನ ಬರಬೇಕಿತ್ತು.

ಆ ವಾರವೇ ಮಾನ್ವಿ ಕಡೆಯ ಒಂದು ಮದುವೆ ದಿಬ್ಬಣ ಮಹಾಛಾಯಾ ಸಂಸ್ಥೆಯ ತೋಪಿಗೆ ಬಂದಿತು. ಅಭಿಜಿನ್ ಮುಹೂರ್ತ, ಅಂದರೆ ಸರಿಯಾಗಿ ನಡುಮಧ್ಯಾಹ್ನ. ಬೀಗರ ಕೈಯಲ್ಲಿ ಒಂದೇ ಹುಣಸೆಮರದ ಮುನ್ನೂರು ಮಣೆಯ ಚೀಟಿಗಳಿದ್ದವು. ಮರದಡಿ ಹೋಗಿ ನೋಡಿದರೆ ನೆರಳಿದ್ದದ್ದು ಇಪ್ಪತ್ತು ಮಣೆ. ಮದುಮಕ್ಕಳು, ಪುರೋಹಿತರು, ಓಲಗದವರು ಕೂತಮೇಲೆ ವರನ ಸೋದರಮಾವಂದಿರಿಗೇ ಜಾಗ ಸಿಗಲಿಲ್ಲ. ಮದುವೆಯಲ್ಲಿ ಸೋದರಮಾವನನ್ನು ಬಿಸಿಲಿಗೆ ನಿಲ್ಲಿಸಿದರೆ ಏನಾಗುತ್ತದೆಂದು ನಿಮಗೂ ಗೊತ್ತಿರಬೇಕು. ಮುಸ್ಸಂಜೆಯೊಳಗೆ ಸುದ್ದಿ ಮೂರು ತಾಲ್ಲೂಕು ಸುತ್ತಿತು. ಮರುದಿನ ಇಡೀ ರಾಯಚೂರು ಚೀಟಿ ಹಿಡಿದುಕೊಂಡು ತೋಪಿನ ಬಾಗಿಲಲ್ಲಿ ನಿಂತಿತು.

ಆಮೇಲೆ ತಿಳಿದದ್ದು ಇಷ್ಟು. ನಮ್ಮ ದೊಡ್ಡ ದೊಡ್ಡ ಅರ್ಥಪಂಡಿತರು ಮರಗಳ ನೆರಳನ್ನು ಪುಷ್ಯಮಾಸದಲ್ಲಿ, ಸಂಜೆಯ ಹೊತ್ತು ಅಳೆಯುತ್ತಿದ್ದರಂತೆ. ಆ ಹೊತ್ತಿನಲ್ಲಿ ತೆಂಗಿನಮರದ ನೆರಳು ಪಕ್ಕದ ಓಣಿಯವರೆಗೂ ಹೋಗುತ್ತದೆ. ಅಳತೆ ಮಾಡುವವರಿಗೂ ತಂಪು, ಸಂಸ್ಥೆಯವರಿಗೂ ಖುಷಿ. ಹಾಗೆ ಅಳೆದ ನೆರಳನ್ನು ಅವರು ವೈಶಾಖದ ಮಧ್ಯಾಹ್ನಕ್ಕೆ ಮಾರಿದ್ದರು. ಒಬ್ಬ ಪಂಡಿತರಂತೂ ಲೈಟು ಕಂಬದ ನೆರಳನ್ನೂ ಬಿಟ್ಟಿರಲಿಲ್ಲ.

ಮಹಾಛಾಯಾ ಸಂಸ್ಥೆಯ ಯಜಮಾನ ರಾಚಪ್ಪ ಅಂಗಡಿ ಮತ್ತು ಅವರ ಜೊತೆಗಾರರು ದಾನಮ್ಮನ ಬಳಿ ನೆರವು ಕೇಳಲು ಬಂದರು. ನೆರಳಿಲ್ಲದೆ ಸಾಯುತ್ತಿದ್ದೇವೆ ಎಂದು ಹೇಳಲು ಬಂದವರ ತಲೆಯ ಮೇಲೆ ನಾಲ್ಕು ಪದರದ ಜರಿ ಛತ್ರಿಗಳಿದ್ದವು, ಅವನ್ನು ಹಿಡಿಯಲು ಆಳುಗಳಿದ್ದರು. ಅವರು ಕೇಳಿದ್ದು ಖಜಾನೆಯ ಚಪ್ಪರವನ್ನು. ಸರ್ಕಾರದ ಕೈಯಲ್ಲಿರುವ ನೆರಳೆಂದರೆ ಅದೊಂದೇ. ಅದರ ಕೆಳಗೆ ಕಚೇರಿಗಳು, ನಮ್ಮ ಮನೆ, ಎಲ್ಲಕ್ಕಿಂತ ಮುಖ್ಯವಾಗಿ ಹೆರಿಗೆ ಆಸ್ಪತ್ರೆ ಇವೆ. ಕೊಟ್ಟರೆ ಬಾಣಂತಿಯರು ಬಿಸಿಲಿಗೆ ಬೀಳುತ್ತಾರೆ. ಕೊಡದಿದ್ದರೆ ಚೀಟಿ ಹಿಡಿದ ಊರಿಗೆ ಊರೇ ಬೀಳುತ್ತದೆ. ನನ್ನ ಸೊಸೆ ಅಂದು ಊಟ ಮಾಡಲಿಲ್ಲ.

ನಮ್ಮಲ್ಲೊಂದು ಹಳೆಯ ಕಟ್ಟಳೆ ಇದೆ. ಜನರ ನೆರಳನ್ನು ಕೇಳುವವರೂ ಕೊಡುವವರೂ ನಡುಮಧ್ಯಾಹ್ನ ಬಯಲಲ್ಲಿ, ಬರಿದಲೆಯಲ್ಲಿ ನಿಂತೇ ಮಾತಾಡಬೇಕು. ಇದು ಬಡವರಿಗೆ ಮಾತ್ರ ಎಂದು ರಾಚಪ್ಪನವರು ತಿಳಿದಿದ್ದರು. ದಾನಮ್ಮ ತಾನೇ ಮೊದಲು ಹೋಗಿ ಬಯಲಲ್ಲಿ ನಿಂತು, "ಬರ್ರಿ ಸಾವ್ಕಾರ್ರ, ಮಾತಾಡೂಣು. ಛತ್ರಿ ಅಲ್ಲೇ ಇಡ್ರಿ" ಎಂದಳು. ಸುತ್ತ ಚೀಟಿಯ ಜನ ಕಿಕ್ಕಿರಿದಿದ್ದರು.

"ಅಮ್ಮಾರ, ನಾವು ಬಿದ್ರ ದೇಶನೇ ಬೀಳ್ತದರಿ" ಎಂದು ರಾಚಪ್ಪನವರು ಗಟ್ಟಿಯಾಗಿಯೇ ಶುರುಮಾಡಿದರು. ಸ್ವಲ್ಪ ಹೊತ್ತಿಗೆ ದೇಶ ಬಿಟ್ಟುಹೋಗಿ "ನಾವು ಬೀಳ್ತೀವಿ" ಅಷ್ಟೇ ಉಳಿಯಿತು. ನಮ್ಮ ದಾನಮ್ಮ ಲೆಕ್ಕದ ಮೇಲೆ ಲೆಕ್ಕ ಕೇಳುತ್ತಲೇ ಇದ್ದಳು. ಕೊನೆಗೆ ರಾಚಪ್ಪನವರು ತಡೆಯಲಾರದೆ, "ಸಾಕ್ರೀ ಯವ್ವಾ! ನಮ್ಮ ಹಿತ್ತಲಾಗ ಬೇವಿನ ತೋಪು ಅದ, ತಣ್ಣಗ ಕುಂತು ಮಾತಾಡೂಣು ನಡೀರಿ!" ಎಂದುಬಿಟ್ಟರು.

ಒಂದು ಮಣೆಯೂ ಉಳಿದಿಲ್ಲವೆಂದು ಬೆಳಿಗ್ಗೆ ಪ್ರಮಾಣ ಮಾಡಿದ್ದ ಮನುಷ್ಯ ಅವರು. ತೋಪು ಹೆಂಡತಿಯ ಹೆಸರಿನಲ್ಲಿತ್ತು. ಜನರ ನಡುವಿನಿಂದ ಒಬ್ಬ ಮುದುಕಿ, "ನಾವೂ ಬರ್ತೀವ್ರೀ ಯಪ್ಪಾ" ಎಂದಳು. ಎಲ್ಲರೂ ಹೋದೆವು. ಉಳಿದ ಯಜಮಾನರಿಗೂ ಹಿತ್ತಲುಗಳಿದ್ದವು. ಅವರ ಆಳುಗಳೇ ಛತ್ರಿ ಮಡಚಿ ಕಂಕುಳಲ್ಲಿಟ್ಟುಕೊಂಡು ನಮಗೆ ದಾರಿ ತೋರಿಸಿದರು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಈ ಕಾಗದವನ್ನು ಹಾಸಿಗೆಯ ಮೇಲೆ ಕೂತು ಬರೆಯುತ್ತಿದ್ದೆ. ಎಲ್ಲ ಹಿತ್ತಲು ಸೇರಿಸಿದರೂ ಜನ ಮಿಕ್ಕರು. ದಾನಮ್ಮ ಹೆರಿಗೆ ಆಸ್ಪತ್ರೆಯನ್ನು ಮುಟ್ಟಲಿಲ್ಲ. ಕಚೇರಿಗಳ ಚಪ್ಪರ ಬಿಚ್ಚಿಸಿ ಜನರಿಗೆ ಹಂಚಿದಳು, ಆಮೇಲೆ ನಮ್ಮ ಮನೆಯದಕ್ಕೆ ಬಂದಳು. ನನ್ನ ಮಂಚದ ಮೇಲಿನದು ನಾಲ್ಕು ಮಣೆ. ಅದರ ಕೆಳಗೆ ಮಧ್ಯಾಹ್ನ ಮಲಗುವುದೊಂದೇ ಈ ವಯಸ್ಸಿನಲ್ಲಿ ನನಗಿದ್ದ ಸುಖ. ನಾನು ಗೊಣಗಿದೆ, ಕಣ್ಣೀರು ಹಾಕಿದೆ, ಮಂಚದ ಕಾಲು ಹಿಡಿದು ಕೂತೆ. ಅವಳು ಪಕ್ಕದಲ್ಲಿ ಕೂತು, "ಅತ್ತಿ, ಹೆತ್ತ ಮಗನ್ನ ನನಗ ಕೊಟ್ಟೀರಿ. ನಾಕು ಮಣಿ ಚಪ್ಪರ ಕೊಡಾಕ ಇಷ್ಟ್ ಅಳತೀರೇನು?" ಎಂದಳು. ಮಗನನ್ನು ಕೊಡುವುದು ಸುಲಭವಿತ್ತು, ಅವನಿಂದ ನನಗೆ ಯಾವ ತಂಪೂ ಇರಲಿಲ್ಲ. ಹಾಗೆಂದೂ ಹೇಳಿದೆ. ನಕ್ಕುಬಿಟ್ಟಳು, ನನಗೂ ನಗು ಬಂತು. ಅಷ್ಟರಲ್ಲಿ ಚಪ್ಪರ ಹೋಗಿತ್ತು.

ಹಿರಿಯರೇ, ನಿಮ್ಮ ಕಾಲದ ಪಂಡಿತರೂ ಏನೇನೋ ಅಳೆದು ದೇಶ ತುಂಬಿ ತುಳುಕುತ್ತಿದೆ ಎನ್ನುತ್ತಿರಬಹುದು. ಯಾವ ಹೊತ್ತಿನಲ್ಲಿ ಅಳೆದಿರಿ ಎಂದು ಒಮ್ಮೆ ಕೇಳಿ. ಕೇಳಿದರೆ ಮುಖ ಗಂಟಿಕ್ಕುತ್ತಾರೆ, ಬಿಡಬೇಡಿ.

ಈಗ ನಮ್ಮ ಮನೆಗೆ ಬಂದಿರುವ ಪಾಲು ಒಂದೇ ಮಣೆ, ಆಸ್ಪತ್ರೆಯ ಹೊರಗೋಡೆಯ ಹತ್ತಿರ. ನಡುಮಧ್ಯಾಹ್ನ ಅತ್ತೆ ಸೊಸೆ ಇಬ್ಬರೂ ಅದರಲ್ಲೇ ಕೂರುತ್ತೇವೆ. ಒಳಗೆ ಕೂಸುಗಳು ಅಳುತ್ತವೆ, ಅವಳು ಕಡತ ಓದುತ್ತಾಳೆ, ನಾನು ಇದನ್ನು ಬರೆಯುತ್ತೇನೆ. ಅವಳು ದಿನಾ ಬಿಸಿಲಿನ ಮಗ್ಗುಲಿಗೇ ಕೂರುತ್ತಾಳೆ. ನನಗೆ ತಿಳಿಯುವುದಿಲ್ಲ ಎಂದುಕೊಂಡಿದ್ದಾಳೆ. ತೋಳು ಹಿಡಿದು ಒಳಗೆಳೆದರೆ ಓದುತ್ತ ಓದುತ್ತ ಮತ್ತೆ ಆಚೆ ಸರಿಯುತ್ತಾಳೆ.

ಇನ್ನು ಬರೆಯಲಾರೆ, ಕ್ಷಮಿಸಿ. ಬಿಸಿಲು ಅವಳ ಕುತ್ತಿಗೆಯವರೆಗೆ ಬಂದಿದೆ. ನಾನು ಸ್ವಲ್ಪ ಜರುಗಿ ಕೂರಬೇಕು.

ಈರವ್ವ ಹೂಗಾರ