ಬಿಳಿ ಕಣ್ಣಿನ ನೊಣ

ಅಕ್ಕಾ,

ಈ ಹೊಸ ಊರಿನಲ್ಲಿ ಎಳ್ಳುಕಾಳಿನಷ್ಟಿರುವ ನೊಣಕ್ಕೆ ಹೆದರಿ ಕೂತಿದ್ದೇನೆ, ನಗಬೇಡ. ಮಾರುಕಟ್ಟೆಯ ಕೊಳೆತ ಹಣ್ಣಿನ ರಾಶಿಯಿಂದ ನೊಣ ಹಿಡಿದು ತಂದು, ಅವುಗಳ ವಂಶವಾಹಿಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಎಷ್ಟು ವ್ಯತ್ಯಾಸವಿದೆಯೆಂದು ಅಳೆಯುವುದು ನಮ್ಮ ಕೆಲಸ. ಹೊರಗಿನವಕ್ಕೆ ಕೆಂಪು ಕಣ್ಣು. ಬಿಳಿ ಕಣ್ಣಿನವನ್ನು ನಾವೇ ಲ್ಯಾಬಿನ ಬಾಟಲಿಗಳಲ್ಲಿ ಸಾಕಿದ್ದೇವೆ. ಇವತ್ತು ಮಾರುಕಟ್ಟೆಯಿಂದ ತಂದವುಗಳ ನಡುವೆ ಒಂದು ಬಿಳಿ ಕಣ್ಣಿನದು ಸಿಕ್ಕಿತು. ಲ್ಯಾಬಿನ ಮುಖ್ಯಸ್ಥೆ ಮೇಡಂ ಮುಖ ಕಪ್ಪಿಟ್ಟಿತು.

"ನಮ್ಮವರೇ ಯಾರೋ ಹೊರಗೆ ಬಿಟ್ಟಿದಾರೆ. ಸಾಕಿದ್ದೂ ಹೊರಗಿಂದೂ ಬೆರೆತುಹೋದ್ರೆ ಇಷ್ಟು ವರ್ಷ ಅಳೆದಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ. ಯಾರು ಅಂತ ಗೊತ್ತಾಗ್ಲಿ, ಅವತ್ತೇ ಮನೆಗೆ ಕಳಿಸ್ತೀನಿ!" ಅಂದರು. ಎಲ್ಲರೂ ಬಾಟಲಿ ತೊಳೆಯುವವಳನ್ನೇ ನೋಡಿದರು. ಪಾಪ, ಅತ್ತುಬಿಟ್ಟಳು. ನಾನೂ ನೋಡಿದೆ.

ನನ್ನ ಹೊಟ್ಟೆ ಈಗ ಸರಿಯಾಗಿದೆ. ನೀನು ಹೇಳಿದಂತೆ ದಿನಾ ಬಾಳೆಹಣ್ಣು ತಿನ್ನುತ್ತೇನೆ. ಚೀಲದಲ್ಲಿಟ್ಟುಕೊಂಡು ಲ್ಯಾಬಿಗೂ ಒಯ್ಯುತ್ತೇನೆ, ಅದೇ ಚೀಲ ಹಿಡಿದು ಮಾರುಕಟ್ಟೆಗೂ ಹೋಗುತ್ತೇನೆ.

ಅಯ್ಯೋ ಅಕ್ಕಾ, ಈಗ ಆ ಚೀಲದೊಳಗಿಂದ ಒಂದು ನೊಣ ಎದ್ದು ಬಂದು ಈ ಕಾರ್ಡಿನ ಮೇಲೆ ಕೂತಿತು. ಭೂತಗನ್ನಡಿ ಹಿಡಿದು ನೋಡಿದೆ. ಕಣ್ಣು ಬಿಳಿ.

ಚೀಲದ ಬಾಯಿಗೆ ಗಂಟು ಹಾಕಿಟ್ಟಿದ್ದೇನೆ. ಅಮ್ಮನಿಗೆ ಹೊಟ್ಟೆ ವಾಸಿಯಾಯಿತು ಅಂತಷ್ಟೇ ಹೇಳು.

ನಿನ್ನ ಪುಟ್ಟಿ