ನಮ್ಮ ಆಯಿ ನಿಮ್ಮ ಸಮಕ್ಷಮಕ್ಕೆ ಯಾವಾಗ ಬಂದಿದ್ಲು?

ಮಾನ್ಯ ನೋಟರಿ ಸಾಹೇಬ್ರೇ,

ನಮ್ಮ ಆಯಿ ಉದ್ದ ಇದ್ದಾಳೋ ಗಿಡ್ಡ ಇದ್ದಾಳೋ? ಮೂಗುಬಟ್ಟು ಎಡಕ್ಕೋ ಬಲಕ್ಕೋ? ಹೇಳಿ ನೋಡ್ವ. ಸೀಲು ಹೊಡೆದ ದಿನ ಗೊತ್ತಿರಲಿಲ್ಲ ಅಲ್ದಾ? ಆದ್ರೆ ನಿಮ್ಮ ಸೀಲಿರೋ ಕಾಗದದಲ್ಲಿ ಬೇರೆ ಬರ್ದದೆ. ತದಡಿಯ ಗಣಪಿ ಎಂಬವಳು "ನನ್ನ ಸಮಕ್ಷಮ ಖುದ್ದು ಹಾಜರಾಗಿ, ಓದಿ ಹೇಳಿದ್ದನ್ನು ಕೇಳಿ ಅರ್ಥ ಮಾಡಿಕೊಂಡು, ಸ್ವಸಂತೋಷದಿಂದ" ಹೆಬ್ಬೆಟ್ಟು ಒತ್ತಿದ್ದಾಳೆ ಅಂತ. ಸ್ವಸಂತೋಷದಿಂದ ಎಂತ ಮಾಡಿದ್ಲಂತೆ? ತಾನು ಹುಟ್ಟಿದ, ಈಗ್ಲೂ ಗಂಜಿ ಬೇಯ್ಸಿ ಉಣ್ತಾ ಇರೋ ಮನೆನ್ನ ತಮ್ಮನಿಗೆ ಬಿಟ್ಟುಕೊಟ್ಲಂತೆ. ಅಷ್ಟು ಸಂತೋಷ ಆದ ದಿನ ನಂಗೂ ಒಂದು ಮಾತು ಹೇಳೂಕಾಗ್ಲಿಲ್ವಾ? ಪಾಯಸ ಮಾಡಿಸ್ತಿದ್ದೆ.

ನಾನು ತಿಮ್ಮ, ಗಣಪಿ ಮಗ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಬೋಟಿಗೆ ಹೋಗುವವ. ನನ್ನ ಮಾತಿಗೆ ಉಪ್ಪು ಜಾಸ್ತಿ, ಸಹಿಸ್ಕಳ್ಳಿ. ಮನೆ ನನ್ನ ಅಜ್ಜಂದು, ಪಂಚಾಯ್ತಿಲಿ ಇನ್ನೂ ಅವನ ಹೆಸ್ರಲ್ಲೇ ಅದೆ. ಮಾವ ಕಮಲಾಕರ ಹೊನ್ನಾವರದಲ್ಲಿ ತಾರಸಿ ಮನೆ ಕಟ್ಕಂಡು ಆರಾಮ ಇದ್ದಾನೆ. ಈಗ ಇದನ್ನೂ ತನ್ನ ಹೆಸ್ರಿಗೆ ಮಾಡಿ ಅಂತ ಪಂಚಾಯ್ತಿಗೆ ಅರ್ಜಿ ಕೊಟ್ಟ, ಜೊತೆಗೆ ನಿಮ್ಮ ಸೀಲು ಬಿದ್ದ ಆ ಅಫಿಡವಿಟ್. ಬರೂ ಸೋಮವಾರ ವಿಚಾರಣೆ. ಅದು ನಿಜ ಅಂತಾದ್ರೆ ನಾವು ಹೊರಗೆ.

ಅದ್ರಲ್ಲಿರೋ ಹೆಬ್ಬೆಟ್ಟು ನೋಡಿ ನಂಗೆ ನಗು ತಡೀಲಿಲ್ಲ. ಎಷ್ಟು ಚೆಂದ ಸಾಹೇಬ್ರೇ! ಸುರುಳಿ ಸುರುಳಿ ಗೆರೆ, ಎಳೇ ಮಗುವಿನ ಬೆರಳಿನ ಹಾಗೆ. ನಮ್ಮ ಆಯಿ ಹೊಳೆ ನೀರು ಇಳಿದಾಗ ಸೊಂಟದ ತನಕ ನಿಂತು ಬಳಚು ಚಿಪ್ಪಿ ಹೆಕ್ಕುವವ್ಳು. ಮರಳಲ್ಲಿ ಚಿಪ್ಪಿ ಕೆರ್ದು ಕೆರ್ದು ಬೆರಳಲ್ಲಿ ಗೆರೆನೇ ಉಳೀಲಿಲ್ಲ. ರೇಷನ್ ಅಂಗಡಿ ಮಷೀನು ಪ್ರತೀ ಸಲ "ಮತ್ತೊಮ್ಮೆ ಪ್ರಯತ್ನಿಸಿ" ಅಂತದೆ. ಸೆರಗಲ್ಲಿ ಒರೆಸಿ ಇಡ್ತಾಳೆ, ಎಣ್ಣೆ ಹಚ್ಚಿ ಇಡ್ತಾಳೆ, ಕಡೆಗೆ ನನ್ನ ಮೊಬೈಲಿಗೆ ಓಟಿಪಿ ಬಂದ್ರೇ ಅಕ್ಕಿ. ಸರ್ಕಾರದ ಮಷೀನು ಬೆರಳು ಮುಟ್ಟಿಯೂ ಗುರ್ತು ಹಿಡೀದ ಹೆಂಗಸನ್ನ ನೀವು ಕಣ್ಣಲ್ಲಿ ನೋಡದೇ ಗುರ್ತು ಹಿಡಿದ್ರಿ. ಇದು ಯಾವ ವಿದ್ಯೆ? ನಮಗೂ ಕಲಿಸಿ, ಸಮುದ್ರಕ್ಕೆ ಹೋಗದೇ ಮೀನು ಹಿಡೀತೇವೆ.

ಆಯಿನ್ನ ಕರ್ಕಂಡು ಕುಮಟೆಗೆ ನಿಮ್ಮ ಹತ್ರ ಬಂದಿದ್ದೆ, ನೆನಪದ್ಯಾ? ನೀವು ಚಾ ಕುಡೀತಾ ಅವ್ಳ ಮುಖ ನೋಡಿ, "ಇವ್ರು ಯಾರು ತಮಾ?" ಅಂದ್ರಿ.

"ನಿಮ್ಮ ಸಮಕ್ಷಮ ಖುದ್ದು ಹಾಜರಾದವ್ರು," ಅಂದೆ.

ಚಾ ನಿಮ್ಮ ನೆತ್ತಿಗೆ ಹತ್ತಿತು. ಕೆಮ್ಮಿ ಮುಗಿದ ಮೇಲೆ ಹೇಳಿದ್ರಿ, "ಕಮಲಾಕರ ಪರಿಚಯದವ್ರು. ಹೆಬ್ಬೆಟ್ಟು ಮನೆಲೇ ಒತ್ತಿಸ್ಕಂಡು ಬಂದೆ, ಅಕ್ಕನಿಗೆ ಬರೂಕಾಗೂದಿಲ್ಲ ಅಂದ್ರು. ಎಲ್ಲ ನಂಬಿಕೆ ಮೇಲೆ ನಡೆಯುದು ತಮಾ."

ಆಯಿ ಬಿಡ್ತಾಳಾ? "ನಂಬಿಕೆ ಮೇಲೇ ನಡೆಯುದಾದ್ರೆ ಈ ಸೀಲು ಎಂತಕ್ಕೆ ಒಡೆಯಾ? ಹೊಳೆಗೆ ಬಿಸಾಡಿ."

ಅದಕ್ಕೆ ನೀವು ಕೊಟ್ಟ ಉಪಾಯನ್ನ ಊರೆಲ್ಲ ಕೇಳ್ಲಿ: "ಅದು ಸುಳ್ಳು ಅಂತ ನೀನೊಂದು ಅಫಿಡವಿಟ್ ಮಾಡ್ಸು ತಮಾ. ನಾನೇ ನೋಟರಿ ಮಾಡಿಕೊಡ್ತೆ. ಟೈಪಿಂಗ್ ಹುಡ್ಗಿ ಹತ್ರ ಕಳ್ಸಿದ್ರೆ ಸಾಕು, ನೀ ಬರುದೇನು ಬೇಡ."

ನಮ್ಮ ಬಂದರಲ್ಲಿ ಕಮಲಿ ಅಂತ ಇದ್ದಾಳೆ, ಹೊಳನಗದ್ದೆ ತನಕ ಬುಟ್ಟಿ ಹೊತ್ತು ಮೀನು ಮಾರುವವ್ಳು. ಬಂಗಡೆಯ ಕಿವಿರು ಎತ್ತಿ, ಒಳಗೆ ಕೆಂಪದ್ಯಾ ನೋಡದೇ ಬುಟ್ಟಿಗೆ ಹಾಕುದಿಲ್ಲ. "ಪರಿಚಯದವ್ರು ಹೇಳಿದ್ರು, ತಾಜಾ ಅಂತೆ" ಅಂದ್ರೆ ಅದೇ ಬಂಗಡೆಲಿ ಹೊಡೀತಾಳೆ. ಒಂದು ಬಂಗಡೆಗೆ ಸಿಗೋ ಮರ್ಯಾದೆ ನಮ್ಮ ಆಯಿಗೆ ಸಿಗಬಾರ್ದಾ?

ಪುಕ್ಕಟೆ ಕಾನೂನು ಸಲಹೆ ಕೊಡೋ ವಕೀಲೆ ರಂಜಿತಾ ಮೇಡಂ ನಂಗೆ ನಿಮ್ಮ ಕೆಲಸ ಎಂತ ಅಂತ ತಿಳಿಸಿ ಹೇಳಿದ್ರು. ಆಳು ಎದುರಿಗೆ ಬರ್ಬೇಕು. ಆಧಾರ್ ಕಾರ್ಡಿನ ಫೋಟೋ ನೋಡಿ, ಮುಖ ನೋಡಿ, ಇವ್ರೇ ಹೌದಾ ಅಂತ ಖಾತ್ರಿ ಮಾಡ್ಕಬೇಕು. ಓದೂಕೆ ಬರದವ್ರಿಗೆ ಅವ್ರ ಮಾತಲ್ಲೇ ಓದಿ ಹೇಳ್ಬೇಕು, ಗಡಗಡ ಮಂತ್ರ ಹೇಳ್ದಂಗಲ್ಲ. ಯಾರೂ ಹೆದರ್ಸಿ ಕರ್ಕಂಡು ಬಂದಿಲ್ವಲ್ಲಾ ಅಂತ ಕೇಳ್ಬೇಕು. ಆಮೇಲೆ ನಿಮ್ಮ ಕಣ್ಣೆದುರಿಗೇ ಸಹಿನೋ ಹೆಬ್ಬೆಟ್ಟೋ. ನಿಮ್ಮ ರಿಜಿಸ್ಟರಿನಲ್ಲೂ ಬರ್ದು, ಅಲ್ಲೂ ಅವ್ರ ಗುರ್ತು ತಕಂಡು, ಎಲ್ಲದ್ರ ಕಡೆಗೆ ತಾರೀಕು ಹಾಕಿ ಸೀಲು. ನೀವು ಸೀಲಿಂದ ಶುರು ಮಾಡಿ ಅಲ್ಲೇ ಮುಗಿಸ್ತ್ರಿ. ಇಷ್ಟು ಸಲೀಸು ಕೆಲಸ ಅಂತ ಗೊತ್ತಿದ್ರೆ ನಾನೂ ಶಾಲೆ ಬಿಡ್ತಿರಲಿಲ್ಲ.

ಆದ್ರೂ ನಿಮ್ಮ ಮಾತು ಮೀರಬಾರ್ದು ಅಂತ ಅಫಿಡವಿಟ್ ಮಾಡ್ಸಿದೆ. ಟೈಪಿಂಗ್ ಅಂಗಡಿಯ ಸುಚಿತಾ ನಗ್ತಾ, "ತಿಮ್ಮಣ್ಣಾ, ಇದ್ನೇ ಹೊಡೀಲಾ? ಖರೇನಾ?" ಅಂತ ಕೇಳ್ತಾ ಇದ್ಲು. ಹೊಡಿ ಅಂದೆ. ಅದ್ರಲ್ಲಿ ಹೀಗದೆ: "ನನ್ನ ತಾಯಿ ಈ ನೋಟರಿಯವರ ಎದುರು ಎಂದೂ ಹೆಬ್ಬೆಟ್ಟು ಒತ್ತಿದ್ದಿಲ್ಲ. ಈ ಕಾಗದಕ್ಕೆ ಸೀಲು ಬೀಳುವಾಗ ನಾನೂ ಅವರ ಎದುರಿಗಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಹೋಟೆಲಿನಲ್ಲಿ ಬನ್ಸ್ ತಿನ್ನುತ್ತಿದ್ದೇನೆ." ಸಹಿ ಹಾಕಿ ಕೊಟ್ಟು ಬನ್ಸ್ ತಿನ್ನೂಕೆ ಹೋದೆ. ಎರಡನೇ ಬನ್ಸ್ ಮುಗಿಯೂದ್ರೊಳಗೆ ಕಾಗದ ವಾಪಸ್ ಬಂತು. ನಿಮ್ಮ ಸಹಿ, ನಿಮ್ಮ ಸೀಲು. "ನನ್ನ ಸಮಕ್ಷಮ."

ಊರವ್ರೆಲ್ಲ ಬಿದ್ದು ಬಿದ್ದು ನಕ್ರು. ಆಯಿನೂ ನಕ್ಲು. ಆಮೇಲೆ, "ತಿಮ್ಮಾ, ಇಂಥ ಸೀಲಿಂದಾನೇ ಮನೆ ಹೋಗುದಾದ್ರೆ ನಗುದೆಂತದು?" ಅಂದ್ಲು. ಈ ಪತ್ರ ಬರೆಯೂಕೆ ಕೂತದ್ದು ಆ ಮಾತಿಗೇ.

ನಿಮ್ಮ ಕ್ಷಮೆ ನಂಗೆ ಬೇಡ. ಸೋಮವಾರ ರಿಜಿಸ್ಟರ್ ತಕಂಡು ಪಂಚಾಯ್ತಿಗೆ ಬನ್ನಿ. ಖುದ್ದು ಬನ್ನಿ, ಪರಿಚಯದವ್ರ ಕೈಲಿ ಕಳಿಸ್ಬೇಡಿ. ಗಣಪಿ ನನ್ನ ಎದುರಿಗೆ ಬಂದಿರಲಿಲ್ಲ, ಆ ಕಾಗದ ಸುಳ್ಳು ಅಂತ ಬರ್ದು, ಗಟ್ಟಿ ಓದಿ, ಎಲ್ರೂ ನೋಡ್ತಾ ಇರುವಾಗ ಸಹಿ ಹಾಕಿ. ಬರದಿದ್ರೆ ನನ್ನ ಅಫಿಡವಿಟ್ಟು ನಿಮ್ಮನ್ನ ನೋಟರಿ ಮಾಡಿದ ಸರ್ಕಾರಕ್ಕೆ ಹೋಗ್ತದೆ, ಅವ್ರೂ ಸ್ವಲ್ಪ ನಗ್ಲಿ. ಆಯಿ ಆ ದಿನ ಬಳಚಿಗೆ ಹೋಗುದಿಲ್ಲ, ಪಂಚಾಯ್ತಿ ಜಗಲಿಲಿ ಕೂತಿರ್ತಾಳೆ. ಮೊದ್ಲು ಅವ್ಳ ಹತ್ರ ಮಾತಾಡಿ, ಆಮೇಲೆ ಪೆನ್ನು ತೆಗೀರಿ.

ಇಂತಿ,
ಸೋಮವಾರದ ತನಕವಾದ್ರೂ ಸ್ವಂತ ಮನೆಲಿ ಇರೋ,
ತಿಮ್ಮ
ಬೋಟಿನ ಆಳು, ತದಡಿ
(ಸಹಿ ನಂದೇ. ಅನುಮಾನ ಇದ್ರೆ ಬಂದು ನೋಡಿ.)